ನೂರೈವತ್ತರ ಆಚೆಗಿನ ಒಂದು

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಶಾಸನ, ಕಾವ್ಯ, ಜಾನಪದಗಳ ನಡುವೆ ಮಕ್ಕಳ ಕಾರ್ಟೂನ್ ಒಂದರ ವಿಮರ್ಶೆಗೆ ಏನು ಕೆಲಸ ಎಂದು ಹಿರಿಯರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ರಾಯದುರ್ಗ, ಮಡಕಶಿರಾ ಸೀಮೆಯ ನಮ್ಮ ಮನೆಗಳಲ್ಲಿ ಮಕ್ಕಳ ಬಹುಪಾಲು ಕಥೆಗಳು ಇಂದು ಮೊಬೈಲಿನ ತೆರೆಯಿಂದಲೇ ಬರುತ್ತಿವೆ. ಅವು ಆಡುವುದು ಇಂಗ್ಲಿಷ್, ಹಿಂದಿ, ತೆಲುಗು ಮಾತುಗಳನ್ನು. ಆ ಕಥೆಗಳ ಒಳಿತು ಕೆಡಕುಗಳನ್ನು ನಾವು ಕನ್ನಡದಲ್ಲಿ ತೂಗದೆ ಬಿಟ್ಟರೆ, ಕನ್ನಡವೆಂಬುದು ಹಿಂದಿನದನ್ನು ನೆನೆಯಲು ಮಾತ್ರ ಇರುವ ಭಾಷೆಯೆಂದು ಮಕ್ಕಳು ತಿಳಿದಾರು. ಈ ಭಯವೇ ಈ ಬರಹಕ್ಕೆ ಕಾರಣ.

ನಾವು ಎತ್ತಿಕೊಂಡಿರುವುದು ‘ಪೋಕೆಮಾನ್ ಒರಿಜಿನ್ಸ್’ ಎಂಬ ಜಪಾನಿನ ಅನಿಮೇಷನ್ ಚಿತ್ರದ ಕೊನೆಯ ಕಂತನ್ನು. 2013ರ ಅಕ್ಟೋಬರ್ 2ರಂದು ಟಿವಿ ಟೋಕಿಯೊ ವಾಹಿನಿ ಇದರ ನಾಲ್ಕು ಕಂತುಗಳನ್ನು ಒಂದೇ ಬಾರಿಗೆ ಪ್ರಸಾರ ಮಾಡಿತು. ಇದು ನಮ್ಮ ಮಕ್ಕಳಿಗೆ ಪರಿಚಿತವಾದ ಆ್ಯಶ್ ಮತ್ತು ಪಿಕಾಚುವಿನ ದೀರ್ಘ ಧಾರಾವಾಹಿಯಲ್ಲ. 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಗೇಮ್ ಬಾಯ್ ಎಂಬ ಕೈಯಂತ್ರಕ್ಕಾಗಿ ಬಂದ ಮೊದಲ ವಿಡಿಯೊ ಗೇಮಿನ ಕಥೆಯನ್ನು ಇದು ನೇರವಾಗಿ ತೆರೆಗೆ ತಂದಿದೆ. ರೆಡ್ ಎಂಬ ಹುಡುಗ ಪ್ರೊಫೆಸರ್ ಓಕ್ ಎಂಬ ವಿದ್ವಾಂಸರಿಂದ ಒಂದು ಪೋಕೆಮಾನ್ ಮರಿಯನ್ನೂ ಒಂದು ಬರಿದಾದ ದಾಖಲೆಯನ್ನೂ ಪಡೆದು ಹೊರಡುತ್ತಾನೆ. ನಾಡೆಲ್ಲ ಸುತ್ತಿ, 150 ಬಗೆಯ ಜೀವಿಗಳನ್ನು ಕಂಡು ಹಿಡಿದು, ಆ ದಾಖಲೆಯನ್ನು ತುಂಬುವುದು ಅವನ ಕೆಲಸ.

ಕೊನೆಯ ಕಂತನ್ನು ತೂಗುವ ಮೊದಲು ಮೂಲ ಆಟದ ಒಂದು ಗುಟ್ಟನ್ನು ಅರಿಯಬೇಕು. ಆಟವನ್ನು ರೂಪಿಸಿದ ಸತೋಶಿ ತಾಜಿರಿ ಎಳವೆಯಲ್ಲಿ ಹುಳುಹುಪ್ಪಟೆಗಳನ್ನು ಕೂಡಿಸುವ ಹುಚ್ಚಿನವರು. ಎರಡು ಗೇಮ್ ಬಾಯ್‌ಗಳನ್ನು ಜೋಡಿಸುವ ಕೇಬಲ್ಲನ್ನು ಕಂಡಾಗ, ಅದರೊಳಗೆ ಹುಳುಗಳು ಅತ್ತಿಂದಿತ್ತ ಹರಿದಾಡುವ ಚಿತ್ರ ಅವರ ಮನಸ್ಸಿಗೆ ಬಂದಿತಂತೆ. ಅದರಿಂದಲೇ ಆಟದ ಕಟ್ಟು ಹುಟ್ಟಿತು. ಆಟ ಕೆಂಪು, ಹಸಿರು ಎಂಬ ಎರಡು ಪಾಠಗಳಲ್ಲಿ ಬಂದಿತು. ಕೆಂಪಿನಲ್ಲಿರುವ ಕೆಲವು ಜೀವಿಗಳು ಹಸಿರಿನಲ್ಲಿಲ್ಲ, ಹಸಿರಿನವು ಕೆಂಪಿನಲ್ಲಿಲ್ಲ. ಎಷ್ಟೇ ಜಾಣನಾದರೂ ಒಬ್ಬನೇ ಕುಳಿತು ಆಡುವ ಹುಡುಗ ದಾಖಲೆಯನ್ನು ತುಂಬಲಾರ. ಕೇಬಲ್ ಹಿಡಿದು ನೆರೆಮನೆಗೆ ಹೋಗಲೇಬೇಕು, ತನ್ನದೊಂದನ್ನು ಕೊಟ್ಟು ಅವರದೊಂದನ್ನು ತರಬೇಕು. ಇದಕ್ಕಿಂತ ಸೊಗಸಾದ ಸಂಗತಿ ಇನ್ನೊಂದಿದೆ. ಹಾಂಟರ್, ಕಡಾಬ್ರಾ ಮೊದಲಾದ ನಾಲ್ಕು ಜೀವಿಗಳು ಒಡೆಯನ ಬಳಿಯೇ ಇದ್ದರೆ ತಮ್ಮ ಪೂರ್ಣರೂಪವನ್ನು ತಾಳವು. ಇನ್ನೊಬ್ಬರ ಕೈಗೆ ದಾಟಿದಾಗಲೇ ಅವು ಬೆಳೆಯುತ್ತವೆ.

ಈಗ ಕೊನೆಯ ಕಂತಿಗೆ ಬರೋಣ. ರೆಡ್ ತನ್ನ ಎದುರಾಳಿ ಬ್ಲೂನನ್ನು ಕಾಳಗದಲ್ಲಿ ಸೋಲಿಸಿ ಅಗ್ರಸ್ಥಾನಕ್ಕೇರುತ್ತಾನೆ. ಮೊದಲ ದಿನ ಇದೇ ಬ್ಲೂನ ಮುಂದೆ ತಬ್ಬಿಬ್ಬಾಗಿದ್ದ ಹುಡುಗ ಇವನೇ ಎಂಬುದು ನೆನಪಾದಾಗ ಈ ಕಾಳಗಕ್ಕೆ ಭಾರ ಬರುತ್ತದೆ. ಇಬ್ಬರೂ ಆರಂಭದಲ್ಲಿ ಆರಿಸಿಕೊಂಡ ಮರಿಗಳೇ ಈಗ ದೊಡ್ಡವಾಗಿ ಎದುರುಬದುರಾಗಿ ನಿಂತಿವೆ. ಚಿತ್ರಕಾರರು ಇಲ್ಲಿ ಅವಸರ ಮಾಡಿಲ್ಲ. ಬೆಂಕಿ ಉಗುಳುವ ಚಾರಿಜಾರ್ಡಿನ ಆಯಾಸ, ಹುಡುಗನ ಮುಖದ ಅಂಜಿಕೆ, ಗೆಲುವಿನ ನಂತರದ ಮೌನ ಎಲ್ಲವೂ ನೋಡುವವರಿಗೆ ತಟ್ಟುತ್ತವೆ. ಕಂತಿನ ಅತ್ಯುತ್ತಮ ಭಾಗ ಇದೇ ಎಂಬುದು ನಮ್ಮ ಅಭಿಪ್ರಾಯ.

ಅನಂತರದ ಭಾಗದಲ್ಲಿ ನಮ್ಮ ತಕರಾರಿದೆ. ದಾಖಲೆಗೆ ಉಳಿದಿರುವ ಮ್ಯೂಟೂ ಎಂಬ ಮಹಾಬಲವನ್ನು ಹಿಡಿಯಲು ರೆಡ್ ಗವಿಯನ್ನು ಹೊಗುತ್ತಾನೆ. ಅಲ್ಲಿ ಸೋಲಿನ ಅಂಚಿಗೆ ಬಂದಾಗ, ಹಿಂದೆ ಫ್ಯೂಜಿ ಎಂಬ ಮುದುಕ ಕೊಟ್ಟಿದ್ದ ಕಲ್ಲುಗಳು ಬೆಳಗಿ, ಚಾರಿಜಾರ್ಡ್ ಕಪ್ಪು ಮೈಯ, ನೀಲಿ ಜ್ವಾಲೆಯ ಹೊಸ ರೂಪ ತಾಳುತ್ತದೆ. ಕಲ್ಲುಗಳ ಸುಳಿವು ಮೊದಲೇ ಇತ್ತು, ಆದುದರಿಂದ ಇದು ಆಕಾಶದಿಂದ ಉದುರಿದ ಉಪಾಯವೆನ್ನಲಾಗದು. ಆದರೆ ಈ ರೂಪ 1996ರ ಆಟದಲ್ಲಿ ಇರಲೇ ಇಲ್ಲ. ಚಿತ್ರ ಪ್ರಸಾರವಾದ ಹತ್ತು ದಿನಗಳಿಗೆ, ಅಂದರೆ 2013ರ ಅಕ್ಟೋಬರ್ 12ರಂದು, ಮಾರಾಟಕ್ಕೆ ಬಂದ ಹೊಸ ಆಟದ ಸರಕು ಅದು. ಮೂಲಕ್ಕೆ ಮರಳುತ್ತೇವೆಂದು ಹೊರಟ ಕೃತಿ, ತನ್ನ ಅತ್ಯಂತ ಬಿಗಿಯಾದ ಗಳಿಗೆಯಲ್ಲಿ ಮುಂದಿನ ಮಾರಾಟಕ್ಕೆ ಡಂಗುರ ಸಾರಿದೆ.

ಜಾಹೀರಾತಿಗಿಂತಲೂ ನಮಗೆ ಹೆಚ್ಚು ನೋವು ತಂದುದು ಇನ್ನೊಂದು. ಮೂಲ ಆಟದಲ್ಲಿ ದಾಖಲೆ ತುಂಬುವುದು ಕೊಡುಕೊಳುವಿನಿಂದ, ಕಂತಿನಲ್ಲಿ ಅದರ ಭಾರವೆಲ್ಲ ಬಿದ್ದಿರುವುದು ತೋಳ್ಬಲದ ಮೇಲೆ. ಕಾಳಗ ಕಣ್ಣಿಗೆ ಹಬ್ಬ, ವಿನಿಮಯ ತೆರೆಯ ಮೇಲೆ ಸಪ್ಪೆ ಎಂಬುದನ್ನು ನಾವು ಬಲ್ಲೆವು. ಹಾಗಿದ್ದರೂ ಬ್ಲೂನ ಬಳಿ ಹೋಗಿ, ಗೆದ್ದವನು ಸೋತವನಿಂದ ಒಂದನ್ನು ಕೇಳಿ ಪಡೆಯುವ ಒಂದೇ ಒಂದು ನೋಟಕ್ಕೆ ಇಲ್ಲಿ ಕೊನೆಯ ಸ್ಥಾನ ದೊರೆತಿದ್ದರೆ, ಆಟದ ಹೃದಯ ಚಿತ್ರಕ್ಕೂ ಬರುತ್ತಿತ್ತು.

ಆದರೂ ಮುಕ್ತಾಯದ ನಿಮಿಷಗಳು ಕಂತನ್ನು ಕಾಪಾಡುತ್ತವೆ. ನೂರೈವತ್ತೂ ತುಂಬಿದವು, ಕಥೆಗೆ ಮಂಗಳ ಹಾಡಬಹುದು ಎನ್ನುವಷ್ಟರಲ್ಲಿ, ಎಣಿಕೆಗೆ ಸೇರದ ಮ್ಯೂ ಎಂಬ ಪುಟ್ಟ ಜೀವಿ ಕಾಣಿಸಿಕೊಳ್ಳುತ್ತದೆ. ಹುಡುಗನ ಪಯಣ ಮುಗಿದಿಲ್ಲ. ಇದು ನಿರ್ದೇಶಕರ ಚಮತ್ಕಾರ ಮಾತ್ರವಲ್ಲ, ಇದರ ಹಿಂದೆ ನಿಜದ ಕಥೆಯಿದೆ. ಮೂಲ ಆಟ ಮುಗಿಯುವ ಹೊತ್ತಿಗೆ ಉಳಿದಿದ್ದ ಅಂಗುಲದಷ್ಟು ಜಾಗದಲ್ಲಿ ಶಿಗೆಕಿ ಮೊರಿಮೊಟೊ ಎಂಬ ಪ್ರೋಗ್ರಾಮರ್ 151ನೆಯದಾದ ಮ್ಯೂವನ್ನು ಸದ್ದಿಲ್ಲದೆ ಸೇರಿಸಿದ್ದರು. ಆಡುವವರಿಗೆ ಅದನ್ನು ಹಿಡಿಯುವ ದಾರಿಯನ್ನೇ ಇಟ್ಟಿರಲಿಲ್ಲ. ದಾಖಲೆ ಪೂರ್ಣವಾಯಿತೆಂಬ ಪ್ರಶಸ್ತಿಪತ್ರಕ್ಕೂ ಅದು ಬೇಕಿರಲಿಲ್ಲ. ಅದೇ ವರ್ಷ ಒಂದು ಮಕ್ಕಳ ಪತ್ರಿಕೆಯ ಮೂಲಕ ಕೇವಲ 20 ಓದುಗರಿಗೆ ಅದನ್ನು ಹಂಚಿದಾಗ ಜಪಾನಿನ ಮಕ್ಕಳಲ್ಲಿ ಎದ್ದ ಕೌತುಕವೇ ಆಟದ ಹೆಸರನ್ನು ಹಬ್ಬಿಸಿತು. ಲೆಕ್ಕಕ್ಕೆ ಸಿಗದ ಒಂದಕ್ಕೆ ಕೊನೆಯ ಚೌಕಟ್ಟನ್ನು ಬಿಟ್ಟುಕೊಟ್ಟದ್ದು ಈ ಚಿತ್ರದ ಸಾರ್ಥಕತೆ.

ಹೇಮಾವತಿಯ ಓದುಗರಿಗೆ ಈ ಮಾತು ದೂರದ್ದೆನಿಸಲಾರದು. ಶಾಸನಗಳಲ್ಲಿ ಪೆಂಜೇರು, ಹೆಂಜೇರು ಎಂದು ಕರೆಸಿಕೊಂಡು, ಕಾಲದಿಂದ ಕಾಲಕ್ಕೆ ಬಾಯಿಂದ ಬಾಯಿಗೆ ದಾಟುತ್ತ ರೂಪ ಬದಲಿಸಿದ ಹೆಸರು ಈ ಊರಿನದು. ನೊಳಂಬರ ರಾಜಧಾನಿಯಾಗಿದ್ದ ಇಲ್ಲಿ ದೊಡ್ಡೇಶ್ವರನ ಗುಡಿಯ ಮುಂದೆ ನಿಂತು ನೊಳಂಬ ಶಿಲ್ಪವನ್ನೆಲ್ಲ ಕಂಡೆವೆನ್ನಲಾಗದು. ಇಲ್ಲಿನ ಕಂಬ, ಮೂರ್ತಿಗಳು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ. ಚೋಳರು ಹೊತ್ತೊಯ್ದ ನೊಳಂಬ ಕಂಬಗಳು ಕಾವೇರಿ ತೀರದ ತಿರುವೈಯಾರಿನ ಗುಡಿಯಲ್ಲಿವೆ. ಊರಿನ ದಾಖಲೆಯನ್ನು ಊರಿನಲ್ಲೇ ಕುಳಿತು ತುಂಬುವಂತಿಲ್ಲ. ಭಾಷೆಯದೂ ಅದೇ ಕಥೆ. ಒಂದೇ ಅಂಗಳದಲ್ಲಿ ಕನ್ನಡವೂ ತೆಲುಗೂ ಆಡುವ ನಮಗೆ, ಕೆಂಪಿನಲ್ಲಿಲ್ಲದ್ದು ಹಸಿರಿನಲ್ಲಿದೆ ಎಂಬ ಪಾಠವನ್ನು ಜಪಾನಿನವರು ಬಂದು ಕಲಿಸಬೇಕಾಗಿಲ್ಲ. ಆದರೆ ಕೊಡುಕೊಳುವಿಗೆ ನಮ್ಮ ಕೈಯಲ್ಲೂ ಏನಾದರೂ ಇರಬೇಕು. ಕೊಡಲು ಕನ್ನಡವೇ ಉಳಿಯದಿದ್ದರೆ, ಕೇಬಲ್ಲಿನ ಈ ತುದಿ ಬರಿದಾಗುತ್ತದೆ.

ಚಿತ್ರಕ್ಕೆ ಜೀವ ಕೊಡುವ ಕಲೆಯೂ ಈ ನೆಲಕ್ಕೆ ಹೊಸದಲ್ಲ. ಧರ್ಮಾವರದ ಬಳಿಯ ನಿಮ್ಮಲಕುಂಟದ ಕಲಾವಿದರು ತೊಗಲಿಗೆ ಬಣ್ಣ ತುಂಬಿ, ದೀಪದ ಬೆಳಕಿನಲ್ಲಿ ರಾಮಾಯಣವನ್ನು ಪರದೆಯ ಮೇಲೆ ಕುಣಿಸಿದವರು. ಅವರ ಆಟವನ್ನು ನೋಡಿದ ಹಿರಿಯರು ಮರುದಿನ ಕಟ್ಟೆಯ ಮೇಲೆ ಕುಳಿತು, ರಾವಣನ ಸಾವು ಸರಿಯಾಗಿ ಬಂತೋ ಇಲ್ಲವೋ ಎಂದು ತಮ್ಮ ಮಾತಿನಲ್ಲೇ ತರ್ಕಿಸುತ್ತಿದ್ದರು. ಆ ತರ್ಕವೇ ನಮ್ಮ ಮೊದಲ ವಿಮರ್ಶೆ.

ಆದುದರಿಂದ ಸಂಘದ ಬಂಧುಗಳಲ್ಲಿ ನಮ್ಮ ಕೋರಿಕೆ ಇಷ್ಟೇ. ಮನೆಯ ಮಕ್ಕಳೊಂದಿಗೆ ಈ ಕೊನೆಯ ಕಂತನ್ನು ಒಮ್ಮೆ ನೋಡಿರಿ. ಮುಗಿದ ಮೇಲೆ, ರೆಡ್ ಯಾರ ಬಳಿ ಏನನ್ನು ಕೇಳಿ ಪಡೆಯಬೇಕಿತ್ತು ಎಂದು ಅವರನ್ನು ಕನ್ನಡದಲ್ಲೇ ಕೇಳಿರಿ. ಮಕ್ಕಳು ತೆಲುಗು ಬೆರೆಸಿ ಉತ್ತರಿಸಿದರೆ ತಿದ್ದಲು ಅವಸರಪಡದಿರಿ. ಮೊದಲು ಅವರ ಉತ್ತರವನ್ನು ಪೂರ್ತಿಯಾಗಿ ಕೇಳಿರಿ.