25.2ಕ್ಕೆ ಸಲ್ಲದ ಮನ್ನಣೆ

ಒಂದು ಎಂಎಂಬಿಟಿಯು (ಹತ್ತು ಲಕ್ಷ ಬ್ರಿಟಿಷ್ ಶಾಖಮಾನ) ಅಂದರೆ 25.2 ಘನಮೀಟರ್ ನೈಸರ್ಗಿಕ ಅನಿಲ. ಅನಿಲದ ದರದ ಬಗ್ಗೆ ಬರೆಯುವವರೆಲ್ಲ ಈ ಅಂಕಿಯನ್ನು ಪ್ರಶ್ನಿಸದೆ ಬಳಸುತ್ತಾರೆ. ಅದಕ್ಕೆ ಸಿಕ್ಕಿರುವ ಮನ್ನಣೆ ಅತಿಯಾಯಿತು ಎಂಬುದು ನನ್ನ ಖಚಿತ ಅಭಿಪ್ರಾಯ. ಗುಣಾಕಾರವೇನೋ ಸರಿ. ಒಂದು ಎಂಎಂಬಿಟಿಯುನಲ್ಲಿ ಸುಮಾರು 2,52,000 ಕಿಲೋಕ್ಯಾಲರಿ. ಘನಮೀಟರಿಗೆ 10,000 ಎಂದು ಹಿಡಿದರೆ 25.2 ಬರುತ್ತದೆ. ಆದರೆ ಶುದ್ಧ ಮೀಥೇನಿನ ಒಟ್ಟು ಶಾಖಮೌಲ್ಯ ಘನಮೀಟರಿಗೆ 9,000ದ ಆಸುಪಾಸು. ಈಥೇನ್, ಪ್ರೊಪೇನ್ ಬೆರೆತಷ್ಟೂ ಅದು ಏರುತ್ತದೆ. 9,000ದ ಅನಿಲ ಬಂದರೆ ಅಷ್ಟೇ ಶಾಖಕ್ಕೆ 28 ಘನಮೀಟರ್ ಉರಿಸಬೇಕು.

ಈ ಮಾತನ್ನು ರಾಯಚೂರಿಗೆ ಹೊಸದಾಗಿ ಕಲಿಸಬೇಕಿಲ್ಲ. ಶಕ್ತಿನಗರದ 1720 ಮೆಗಾವಾಟ್ ಸ್ಥಾವರಕ್ಕೆ ಬರುವ ಕಲ್ಲಿದ್ದಲಿನಲ್ಲಿ ಟನ್ನಿಗೆ ಟನ್ನು ಸಮ ಎಂದು ಯಾರೂ ಒಪ್ಪುವುದಿಲ್ಲ. 2012ರ ಜನವರಿಯಿಂದ ದೇಶದ ಕಲ್ಲಿದ್ದಲಿನ ದರ್ಜೆ ನಿಂತಿರುವುದೇ ಒಟ್ಟು ಶಾಖಮೌಲ್ಯದ ಮೇಲೆ. 300 ಕಿಲೋಕ್ಯಾಲರಿಗೊಂದು ಮೆಟ್ಟಿಲು. ಸ್ಥಾವರಕ್ಕೆ ಸಿಗುವ ಈ ನ್ಯಾಯ ಮನೆಯ ಒಲೆಗೂ ಸಿಗಬೇಕು.

ನಿಜವಾದ ತೊಡಕು ಇರುವುದು ಶಾಖಮೌಲ್ಯಕ್ಕಿಂತ ಹಿಂದಿನ ಹೆಜ್ಜೆಯಲ್ಲಿ. ಬ್ರಿಟನ್ನಿನ ಗ್ಯಾಸ್ ಬಿಲ್ಲಿನ ಸೂತ್ರ ನೋಡಿ: ಮೀಟರ್ ತೋರಿದ ಘನಮೀಟರನ್ನು 1.02264ರಿಂದ ಗುಣಿಸಿ, ಮೆಗಾಜೂಲ್ ಲೆಕ್ಕದ ಶಾಖಮೌಲ್ಯದಿಂದ ಗುಣಿಸಿ, 3.6ರಿಂದ ಭಾಗಿಸಿದರೆ ಕಿಲೋವಾಟ್ ಗಂಟೆ. ಆ 1.02264 ಯಾಕೆ? ಅಲ್ಲಿ ಅನಿಲದ ಉಷ್ಣತೆ 12.2 ಡಿಗ್ರಿ ಎಂದು ಹಿಡಿದಿದ್ದಾರೆ. ಪ್ರಮಾಣಿತ ಘನಮೀಟರಿನ ಉಷ್ಣತೆ 15 ಡಿಗ್ರಿ, ಒತ್ತಡ 1013.25 ಮಿಲಿಬಾರ್. ಕೊಳವೆಯ ಒತ್ತಡ ಅದಕ್ಕಿಂತ ತುಸು ಹೆಚ್ಚು. ತಣ್ಣಗಿನ, ಒತ್ತಡ ಹೆಚ್ಚಿದ ಅನಿಲ ಕುಗ್ಗಿರುತ್ತದೆ, ಹಾಗಾಗಿ ಮೀಟರ್ ಕಡಿಮೆ ತೋರುತ್ತದೆ. ಅದನ್ನು ಸರಿದೂಗಿಸಲು ಒಂದಕ್ಕಿಂತ ಹೆಚ್ಚಿನ ಗುಣಕ. ಈ ಸೂತ್ರವನ್ನೇ ಎತ್ತಿಕೊಂಡು ಎಲ್ಲ ಊರಿಗೂ ಹಚ್ಚುವ ಲೆಕ್ಕಪಟ್ಟಿಗಳಿವೆ. ಅವನ್ನು ರಾಯಚೂರು ಜಿಲ್ಲೆಯ ದೇವದುರ್ಗಕ್ಕೆ ತಂದರೆ ಏನಾಗುತ್ತದೆ?

ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಸುಮಾರು 966 ಮಿಲಿಬಾರ್. ಮನೆಯ ಕೊಳವೆಯ 21 ಮಿಲಿಬಾರ್ ಕೂಡಿಸಿದರೂ 987. ಬೇಸಿಗೆಯಲ್ಲಿ ಬಿಸಿಲಿಗೆ ಒಡ್ಡಿಕೊಂಡ ಗೋಡೆಯ ಮೀಟರಿನೊಳಗೆ ಅನಿಲ 40 ಡಿಗ್ರಿಗೆ ಕಾಯ್ದಿದೆ ಎನ್ನಿ. ಲೆಕ್ಕ ಹಾಕಿದರೆ ಗುಣಕ 0.90ರ ಹತ್ತಿರ ನಿಲ್ಲುತ್ತದೆ. ಮೀಟರ್ ಹತ್ತು ಘನಮೀಟರ್ ಅಂದಾಗ ಮನೆಗೆ ಬಂದದ್ದು ಒಂಬತ್ತು. ಅಲ್ಲಿ ಕೂಡಿಸಬೇಕಾದದ್ದನ್ನು ಇಲ್ಲಿ ಕಳೆಯಬೇಕು. ದಿಕ್ಕೇ ತಪ್ಪಿದ ಸೂತ್ರವನ್ನು ದಶಮಾಂಶದ ಐದು ಸ್ಥಾನಗಳವರೆಗೆ ನಿಖರವಾಗಿ ಬರೆದು ಏನು ಪ್ರಯೋಜನ?

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು: ಮನೆಯ ಬಳಕೆ ಚಿಕ್ಕದು, ವರ್ಷದ ಸರಾಸರಿಯಲ್ಲಿ ಹೆಚ್ಚುಕಡಿಮೆ ಸರಿಹೋಗುತ್ತದೆ ಎಂಬುದು. ತಪ್ಪು ಎರಡೂ ಕಡೆ ವಾಲಿದ್ದರೆ ಸರಾಸರಿ ಅದನ್ನು ತಿದ್ದೀತು. ಇದೇ ಜಿಲ್ಲೆಯ ಮಾನ್ವಿಯಲ್ಲಿ ಚಳಿಗಾಲದ ಕೆಲವು ರಾತ್ರಿಗಳನ್ನು ಬಿಟ್ಟರೆ ಉಷ್ಣತೆ 15 ಡಿಗ್ರಿಗಿಂತ ಮೇಲೆಯೇ ಇರುತ್ತದೆ. ಊರಿನ ಎತ್ತರ ಋತುವಿನ ಜೊತೆ ಬದಲಾಗುವುದಿಲ್ಲ. ಎರಡೂ ಕಾರಣ ಒಂದೇ ಕಡೆಗೆ, ಗ್ರಾಹಕನ ನಷ್ಟದ ಕಡೆಗೇ ಎಳೆಯುತ್ತವೆ. ದರ ನಿಗದಿಯಲ್ಲೇ ಇದನ್ನು ಸರಿದೂಗಿಸಬಹುದು ಎನ್ನುವವರೂ ಇದ್ದಾರೆ. ಆಗಲೂ ನೆರಳಿನ ಮೀಟರಿನ ಮನೆಗೂ ಪಶ್ಚಿಮದ ಬಿಸಿಲಿಗೆ ಮುಖ ಮಾಡಿದ ಮೀಟರಿನ ಮನೆಗೂ ಅಂತರ ಉಳಿದೇ ಉಳಿಯುತ್ತದೆ. ಚಿಕ್ಕ ಮೊತ್ತ ಎಂದು ತಳ್ಳಿಹಾಕುವ ವಾದವಂತೂ ನನಗೆ ಒಪ್ಪಿಗೆಯಿಲ್ಲ. ದೊಡ್ಡ ಕಾರ್ಖಾನೆಗೆ ಒತ್ತಡ, ಉಷ್ಣತೆ ಎರಡನ್ನೂ ತಿದ್ದುವ ಎಲೆಕ್ಟ್ರಾನಿಕ್ ಉಪಕರಣ ಕೂರಿಸುತ್ತಾರಲ್ಲ. ತತ್ವ ಸುಳ್ಳಾಗಿದ್ದರೆ ಅಲ್ಲೇಕೆ ಬೇಕಿತ್ತು?

ಇನ್ನು ಕೆಲವು ವಿಮರ್ಶಕರಿಗೆ ಒಟ್ಟು ಮತ್ತು ನಿವ್ವಳ ಶಾಖಮೌಲ್ಯದ (ಉರಿದಾಗ ಹುಟ್ಟುವ ನೀರಾವಿಯ ಶಾಖ ಸೇರಿಸಿದ್ದು ಒಟ್ಟು, ಬಿಟ್ಟದ್ದು ನಿವ್ವಳ) ಜಗಳವೇ ಸರ್ವಸ್ವ. ಸುಮಾರು ಶೇ 10ರ ಆ ಅಂತರ ಸಣ್ಣದಲ್ಲ, ನಿಜ. ಆದರೆ 2014ರಲ್ಲಿ ಸರ್ಕಾರ ದೇಶೀಯ ಅನಿಲಕ್ಕೆ ಒಟ್ಟು ಮೌಲ್ಯದ ಆಧಾರದಲ್ಲಿ ಎಂಎಂಬಿಟಿಯುಗೆ 5.05 ಡಾಲರ್ ಎಂದು ಘೋಷಿಸಿದಾಗ, ನಿವ್ವಳದ ಲೆಕ್ಕದಲ್ಲಿ ಅದೇ 5.61 ಎಂಬುದು ಬಹಿರಂಗವಾಗಿಯೇ ಇತ್ತು. ಬಹಿರಂಗವಾದ ಅಂತರವನ್ನು ಯಾರು ಬೇಕಾದರೂ ಪ್ರಶ್ನಿಸಬಹುದು. ಬಿಸಿಲು ಹಿಗ್ಗಿಸಿದ ಅನಿಲದ ಲೆಕ್ಕ ಕಣ್ಣಿಗೆ ಕಾಣುವಂತೆ ಎಲ್ಲೂ ಬರೆದಿರದಿದ್ದರೆ ಗ್ರಾಹಕ ಏನನ್ನು ಪ್ರಶ್ನಿಸಬೇಕು?

ದೇಶದ ಒಟ್ಟು ಬಳಕೆಯನ್ನು ಅಂದಾಜಿಸಲು 25.2 ಸಾಕು. ಮನೆಯ ಬಿಲ್ಲಿಗೆ ಸಾಲದು. ಬಾಗಲಕೋಟೆ, ಕೊಪ್ಪಳ, ರಾಯಚೂರು ಜಿಲ್ಲೆಗಳನ್ನು ಕೊಳವೆ ಅನಿಲದ ವಿತರಣೆಗೆ ಒಂದೇ ಪ್ರದೇಶವಾಗಿ ಸೇರಿಸಿದ್ದಾರೆ. ಇಲ್ಲಿನ ಪ್ರತಿ ಬಿಲ್ಲಿನಲ್ಲೂ ಮೀಟರಿನ ಘನಮೀಟರ್, ತಿದ್ದಿದ ಘನಮೀಟರ್, ಆ ಅವಧಿಯ ಶಾಖಮೌಲ್ಯ, ಕೊನೆಗೆ ಕಿಲೋಕ್ಯಾಲರಿ, ಈ ನಾಲ್ಕೂ ಅಚ್ಚಾಗಬೇಕು. ಬೇಸಿಗೆಗೊಂದು, ಚಳಿಗಾಲಕ್ಕೊಂದು ಗುಣಕವನ್ನು ರಾಯಚೂರಿನ ಉಷ್ಣತೆಯ ದಾಖಲೆಯಿಂದಲೇ ತೆಗೆಯಬೇಕು.