ಹೊಸ ಸಾಧನ ಬಂದರೆ ಹಳೆಯ ಕೆಲಸ ಸಾಯಬೇಕೇ?

ಸಾಫ್ಟ್‌ವೇರ್ ಕೆಲಸದಲ್ಲಿರುವವರು ಪ್ರಶ್ನಿಸದೆ ಒಪ್ಪಿಕೊಂಡಿರುವ ಒಂದು ಮಾತಿದೆ: ಸಾಧನಗಳು ಬದಲಾಗುತ್ತಲೇ ಇರುತ್ತವೆ, ಅವುಗಳ ಜೊತೆ ಬದಲಾಗದವನು ಹಿಂದೆ ಬೀಳುತ್ತಾನೆ. ನಾನು ಗೌರಿಬಿದನೂರು ತಾಲ್ಲೂಕಿನ ಅಲೀಪುರದವನು. ಬೆಂಗಳೂರಿನ ಕಚೇರಿಯಲ್ಲೂ ಊರಿನ ಮನೆಯಲ್ಲೂ ಕೋಡ್ ಬರೆಯುತ್ತ ಬಂದಿದ್ದೇನೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಬದಲಾವಣೆಗಳಲ್ಲಿ ಬಹುಪಾಲು ಕೆಲಸ ಮಾಡುವವರ ಅಗತ್ಯದಿಂದ ಹುಟ್ಟಿದ್ದಲ್ಲ, ಸಾಧನ ಮಾಡುವವರ ಅನುಕೂಲದಿಂದ ಹುಟ್ಟಿದ್ದು. ಅದಕ್ಕೆ ಬೆಲೆ ತೆರುತ್ತಿರುವವರಲ್ಲಿ ನಮ್ಮೂರಿನಂಥ ಊರಿನ ಡಿ.ಟಿ.ಪಿ. ಅಂಗಡಿಯವರೂ ಇದ್ದಾರೆ.

ಕಚೇರಿಯ ಉದಾಹರಣೆ ನೋಡಿ. ಕೋಡ್ ಬರೆಯಲು ಇದೇ ಮುಂದಿನ ದಾರಿ ಎಂದು ಕೊಂಡಾಡಿದ ಆಟಮ್ ಎಡಿಟರ್ 2022ರ ಡಿಸೆಂಬರ್‌ನಲ್ಲಿ ಮುಚ್ಚಿಹೋಯಿತು. ವೆಬ್ ಪುಟ ಕಟ್ಟುವ ಆಂಗ್ಯುಲರ್‌ಜೆಎಸ್‌ಗೆ ಬೆಂಬಲ 2021ರ ಕೊನೆಗೆ ನಿಂತಿತು. ಅದೇ ಹೆಸರಿನ ಹೊಸ ಆಂಗ್ಯುಲರ್‌ನಲ್ಲಿ ಹಳೆಯ ಕೋಡ್ ಹಾಗೇ ಓಡದು, ಬಹಳಷ್ಟನ್ನು ತಿರುಗಿ ಬರೆಯಲೇಬೇಕು. ಫ್ಲ್ಯಾಶ್‌ನಲ್ಲಿ ಕಟ್ಟಿದ್ದೆಲ್ಲ 2020ರ ಕೊನೆಗೆ ಬ್ರೌಸರ್‌ಗಳಿಂದ ಹೊರಬಿತ್ತು. ಇತ್ತ ಪಠ್ಯ ಹುಡುಕುವ 1973ರ ಗ್ರೆಪ್ ಮತ್ತು ಪಠ್ಯ ತಿದ್ದುವ 1976ರ ವಿಐ ಇವತ್ತಿಗೂ ಸರ್ವರ್‌ಗಳಲ್ಲಿ ದಿನಬಳಕೆಯಲ್ಲಿವೆ. ಹಳೆಯದು ತಾನಾಗಿ ಸಾಯುತ್ತದೆ ಎನ್ನುವುದು ನಿಜವಲ್ಲ. ಸಾದಾ ಪಠ್ಯವನ್ನು ಓದಿ ಸಾದಾ ಪಠ್ಯವನ್ನೇ ಕೊಡುವ ಸಾಧನ ಬಾಳಿದೆ. ನಮ್ಮ ಕೆಲಸವನ್ನು ತನ್ನೊಳಗೆ ಬಿಗಿದಿಟ್ಟುಕೊಂಡದ್ದು ಹೋಗುವಾಗ ಅದನ್ನೂ ಎಳೆದುಕೊಂಡು ಹೋಗಿದೆ.

ಇದು ಅಲೀಪುರದಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಊರಿನ ಮನೆಮಾತು ಉರ್ದು, ತಾಲ್ಲೂಕು ಕಚೇರಿಯ ವ್ಯವಹಾರ ಕನ್ನಡ, ಊರಿನವರು ನಡೆಸುವ ಹರಳಿನ ವ್ಯಾಪಾರದ ಕಾಗದಪತ್ರ ಹೆಚ್ಚಾಗಿ ಇಂಗ್ಲಿಷ್. ಕನ್ನಡದ ಅರ್ಜಿ ಟೈಪಾದದ್ದು ನುಡಿ ತಂತ್ರಾಂಶದಲ್ಲಿ, ಮೊಹರಂ ಮಜ್ಲಿಸ್‌ನ (ಶೋಕಸಭೆಯ) ಉರ್ದು ಕರಪತ್ರ ಇನ್‌ಪೇಜ್ ತಂತ್ರಾಂಶದಲ್ಲಿ. ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದ ಮೊಬೈಲಿನಲ್ಲಿ ಆ ಅರ್ಜಿ ತೆರೆದರೆ ಒಂದಕ್ಷರವೂ ಅರ್ಥವಾಗದು. ಹಳೆಯ ಇನ್‌ಪೇಜ್ ಕಡತವಂತೂ ಇನ್‌ಪೇಜ್ ಬಿಟ್ಟರೆ ಸಾಮಾನ್ಯವಾಗಿ ಬೇರೆಡೆ ತೆರೆಯುವುದಿಲ್ಲ. ಎರಡು ಲಿಪಿ, ಒಂದು ಎಡದಿಂದ, ಇನ್ನೊಂದು ಬಲದಿಂದ. ಗತಿ ಮಾತ್ರ ಒಂದೇ. ಇದರ ಬಗ್ಗೆ ನಮ್ಮ ಸಾಫ್ಟ್‌ವೇರ್ ವಲಯದಲ್ಲಿ ಎಷ್ಟು ಕಡಿಮೆ ಮಾತಾಗುತ್ತದೆ ಎಂದು ನೆನೆದರೆ ನನಗೆ ಸಿಟ್ಟು ಬರುತ್ತದೆ.

ಹಾಗಾದರೆ ಬದಲಾವಣೆಯೇ ಬೇಡವೇ ಎಂದು ಕೇಳಬಹುದು. ಬೇಕು. ಕನ್ನಡಕ್ಕೆ ಯೂನಿಕೋಡ್ ಬಂದದ್ದು ಅಂಥ ಬದಲಾವಣೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ವಿಂಡೋಸ್‌ನಲ್ಲಿ ಅದು ಸಲೀಸಾಗಿ ಮೂಡಲು 2001ರ ಎಕ್ಸ್‌ಪಿ ಬರಬೇಕಾಯಿತು, ಕಚೇರಿಗಳಿಗೆ ತಲುಪಲು ಅದರಾಚೆಗೂ ವರ್ಷಗಳು ಹಿಡಿದವು. ಒಮ್ಮೆ ಯೂನಿಕೋಡ್‌ನಲ್ಲಿ ಬರೆದದ್ದು ಯಾವ ಕಂಪನಿಯ ಯಂತ್ರದಲ್ಲೂ ಓದಲು ಸಿಗುತ್ತದೆ. ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸ ನೋಡಿ: ಫಾಂಟು ಬದಲಾಯಿತು, ಸಂಕೇತ ಬದಲಾಯಿತು, ಟೈಪ್ ಮಾಡುವವರ ಬೆರಳು ಕಲಿತದ್ದು ಮಾತ್ರ ವ್ಯರ್ಥವಾಗಲಿಲ್ಲ. 2005ರಲ್ಲಿ ಬಂದ ಗಿಟ್ ಕೂಡ ಇದೇ ಜಾತಿಯದು. ಕೋಡಿನ ಪೂರ್ತಿ ಇತಿಹಾಸ ಪ್ರತಿಯೊಬ್ಬನ ಯಂತ್ರದಲ್ಲೂ ಇರುತ್ತದೆ. ಹಳೆಯದು ಹೊಸದರ ಜೊತೆ ಓದಲು ಸಿಗುವುದರ ಬೆಲೆ ಕೋಡಿಗಷ್ಟೇ ಸೀಮಿತವಲ್ಲ. ನಮ್ಮ ತಾಲ್ಲೂಕಿನಲ್ಲೇ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳು 1965ರಿಂದ ನೆಲದ ಕಂಪನ ದಾಖಲಿಸುತ್ತಿವೆ. ಇಂದಿನ ಅಲೆಯನ್ನು ಹಿಂದಿನ ಅಲೆಯ ಪಕ್ಕದಲ್ಲಿಟ್ಟು ಓದಲಾಗದಿದ್ದರೆ ಅಂಥ ದಾಖಲೆಯ ಬೆಲೆ ಎಷ್ಟು ಉಳಿದೀತು?

ಮನೆಯ ಕಂಪ್ಯೂಟರಿನ ವಿಷಯ ಇನ್ನೂ ಕಹಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಮತ್ತು ಹೊಸ ತಲೆಮಾರಿನ ಪ್ರೊಸೆಸರ್ ಬೇಕು, ಹಳೆಯ ಎಷ್ಟೋ ಯಂತ್ರಗಳಲ್ಲಿ ಅವು ಇಲ್ಲ. ಭದ್ರತೆಯ ಮಾತು ಸುಳ್ಳಲ್ಲ. ತಿದ್ದುಪಡಿಗಳಿಲ್ಲದ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಅಪಾಯವೇ. ಆದರೆ ಅದರಿಂದ ಯಂತ್ರವನ್ನೇ ಗುಜರಿಗೆ ಹಾಕಬೇಕೆಂಬ ತೀರ್ಮಾನ ಬರುವುದಿಲ್ಲ. ಅಂಥ ಬಹಳಷ್ಟು ಯಂತ್ರಗಳಲ್ಲಿ ಲಿನಕ್ಸ್ ಚೆನ್ನಾಗಿ ಓಡುತ್ತದೆ, ಅದರಲ್ಲಿ ಕನ್ನಡ, ಉರ್ದು ಎರಡನ್ನೂ ಯೂನಿಕೋಡ್‌ನಲ್ಲಿ ಬರೆಯಬಹುದು.

ಈಗ ಕೋಡನ್ನೂ ಕೃತಕ ಬುದ್ಧಿಮತ್ತೆಯೇ ಬರೆಯುತ್ತದೆ, ಒಲ್ಲದವನಿಗೆ ಕೆಲಸವಿಲ್ಲ ಎಂಬ ಮಾತು ಶುರುವಾಗಿದೆ. ನಾನೂ ಅದನ್ನು ಬಳಸುತ್ತೇನೆ, ಉಪಯೋಗವಿದೆ. ಆದರೆ ಬೆಂಗಳೂರಿನಿಂದ ಊರಿಗೆ ಹೋಗುವಾಗ, ದೊಡ್ಡಬಳ್ಳಾಪುರ ದಾಟಿ ಮಾಕಳಿದುರ್ಗದ ಬೆಟ್ಟಗಳ ನಡುವೆ ರೈಲು ಸಾಗುವಾಗ ಸಿಗ್ನಲ್ ಹೋದರೆ ಆ ಸಹಾಯಕನೂ ಹೋದ. ಲ್ಯಾಪ್‌ಟಾಪಿನಲ್ಲೇ ಇರುವ ಎಡಿಟರ್ ಮತ್ತು ಗಿಟ್‌ನಿಂದ ಕೆಲಸ ಮುಂದುವರಿಯುತ್ತದೆ. ತಿಂಗಳ ಬಾಡಿಗೆ ಕಟ್ಟಿ ಬೇರೆಯವರ ಸರ್ವರ್‌ನಲ್ಲಿ ನಡೆಸುವುದನ್ನು ಕೌಶಲದ ಅಳತೆ ಮಾಡಿದರೆ, ನೆಟ್‌ವರ್ಕ್ ದುರ್ಬಲವಾಗಿರುವ ಊರಿನ ಹುಡುಗ ಹುಡುಗಿಯರನ್ನು ಮೊದಲೇ ಸ್ಪರ್ಧೆಯಿಂದ ಹೊರಗಿಟ್ಟಂತೆ.

ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ ನುಡಿ, ಬರಹ, ಇನ್‌ಪೇಜ್ ತಂತ್ರಾಂಶಗಳ ಹಳೆಯ ಕಡತಗಳಿದ್ದರೆ, ಅವನ್ನು ತೆರೆಯುವ ಯಂತ್ರ ಇನ್ನೂ ಓಡುತ್ತಿರುವಾಗಲೇ ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಟುಕೊಳ್ಳಿ. ಒತ್ತಕ್ಷರ, ಹೆಸರು, ಸರ್ವೆ ನಂಬರುಗಳನ್ನು ಕಣ್ಣಿಟ್ಟು ಪರಿಶೀಲಿಸಿ, ಮೂಲ ಕಡತವನ್ನು ಅಳಿಸಬೇಡಿ. ಗುಜರಿಯವನಿಗೆ ಕಂಪ್ಯೂಟರ್ ಕೊಡುವುದು ಇದಾದ ಮೇಲೆ.