ಕ್ರಿಯಾಪದದ ಆಚೆ ನಿಂತ ಪದ: ಬಿಳಿಗೆರೆ ಸುತ್ತಿನ ಸೀಮೆಯ ಬರಹ ಮತ್ತು ಕನ್ನಡ ವಾಕ್ಯ

ಕನ್ನಡ ಕಾವ್ಯವಿಮರ್ಶೆಯು ಪದ, ಅಲಂಕಾರ, ಛಂದಸ್ಸುಗಳ ಬಗ್ಗೆ ವಿಚಾರ ಮಾಡಿದಷ್ಟು ವಾಕ್ಯದ ಬಗ್ಗೆ ಮಾಡಿಲ್ಲ. ವಾಕ್ಯವೆಂಬುದು ವ್ಯಾಕರಣಕಾರರ ಪಾಲಿನ ಆಸ್ತಿ, ಅದರಲ್ಲಿ ರಸಕ್ಕೆ ಸಂಬಂಧಿಸಿದ್ದೇನೂ ಇಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಭಾರತೀಯ ಮೀಮಾಂಸಕರು ಹೀಗೆ ಭಾವಿಸಿದವರಲ್ಲ. ವಿಭಕ್ತಿ, ವಚನ, ಕೃತ್ಪ್ರತ್ಯಯ, ಸಮಾಸಗಳೂ ಧ್ವನಿಗೆ ಆಶ್ರಯವಾಗಬಲ್ಲವೆಂದು ಆನಂದವರ್ಧನ ಸ್ಪಷ್ಟವಾಗಿ ಹೇಳಿದ್ದಾನೆ. ಕುಂತಕ ಹೆಸರಿಸುವ ಆರು ವಕ್ರತೆಗಳಲ್ಲಿ ವಾಕ್ಯವಕ್ರತೆಯೂ ಒಂದು. ಈ ವಿಚಾರಗಳನ್ನು 'ಭಾರತೀಯ ಕಾವ್ಯಮೀಮಾಂಸೆ'ಯ (1953) ಮೂಲಕ ಕನ್ನಡ ಓದುಗರಿಗೆ ತಲಪಿಸಿದ ತೀ.ನಂ.ಶ್ರೀಕಂಠಯ್ಯನವರೇ ಶಾಲೆಯ ಮಕ್ಕಳಿಗಾಗಿ 'ಕನ್ನಡ ಮಧ್ಯಮ ವ್ಯಾಕರಣ'ವನ್ನೂ ಬರೆದರು. ನಮ್ಮ ಗ್ರಂಥಾಲಯಗಳಲ್ಲಿ ಮಾತ್ರ ಈ ಎರಡು ಪುಸ್ತಕಗಳು ಬೇರೆ ಬೇರೆ ಬೀರುಗಳಲ್ಲಿ ಕುಳಿತಿವೆ.

ತೀ.ನಂ.ಶ್ರೀ. ಹುಟ್ಟಿದ್ದು (1906) ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ, ಬಿ.ಎಂ.ಶ್ರೀಕಂಠಯ್ಯನವರು ಹುಟ್ಟಿದ್ದು (1884) ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ತಿಪಟೂರು ತಾಲ್ಲೂಕಿನ ಬಿಳಿಗೆರೆಯೂ ಸೇರಿದ ಈ ತೆಂಗಿನ ಸೀಮೆ ಹೀಗೆ ನವೋದಯದ ಇಬ್ಬರು ಶ್ರೀಗಳನ್ನು ಕೊಟ್ಟಿತೆಂಬ ಅಭಿಮಾನದ ಮಾತು ಸಾಕಷ್ಟು ಸಲ ಬಂದಿದೆ. ಅಭಿಮಾನಕ್ಕಿಂತ ಉಪಯುಕ್ತವಾದ ಪ್ರಶ್ನೆ ಬೇರೆಯಿದೆ: ಈ ಸೀಮೆಯ ಮನೆಮಾತಿನ ವಾಕ್ಯಕ್ಕೂ ಬಿ.ಎಂ.ಶ್ರೀ. ರೂಪಿಸಿದ ಕಾವ್ಯವಾಕ್ಯಕ್ಕೂ ನಂಟೇನಾದರೂ ಇದೆಯೆ?

ಮೊದಲು ಮನೆಮಾತನ್ನು ನೋಡೋಣ. ಕೊಬ್ಬರಿ ಮಾಡುವ ಬಗೆಯನ್ನು ಇಲ್ಲಿಯ ರೈತರು ವಿವರಿಸುವ ವಾಕ್ಯ ಸಾಮಾನ್ಯವಾಗಿ ಹೀಗಿರುತ್ತದೆ: 'ಬಲಿತ ಕಾಯಿ ಕೆಡವಿ, ಅಟ್ಟಕ್ಕೆ ಹಾಕಿ, ವರ್ಷೊಪ್ಪತ್ತು ಬಿಟ್ಟು, ಸುಲಿದು, ಚಿಪ್ಪು ಒಡೆದು ಸಂತೆಗೆ ಹಾಕ್ತೀವಿ.' ಐದು ನ್ಯೂನಕ್ರಿಯೆಗಳು, ಒಂದೇ ಪೂರ್ಣಕ್ರಿಯೆ. ಕಾಯಿಯೊಳಗಿನ ನೀರು ಇಂಗಿ ಗಿಟುಕು ಚಿಪ್ಪಿನಿಂದ ಬಿಡುವವರೆಗೆ ಬೆಳೆಗಾರ ಕಾಯುತ್ತಾನೆ. ಕೇಳುವವನೂ ಪೂರ್ಣಕ್ರಿಯೆ ಬರುವವರೆಗೆ ಕಾಯುತ್ತಾನೆ. ಇದನ್ನೇ ಐದಾರು ಬಿಡಿ ವಾಕ್ಯಗಳಾಗಿ ಒಡೆದರೆ ಮಾಹಿತಿ ಉಳಿಯುತ್ತದೆ, ಕಾಯುವಿಕೆ ಹೋಗುತ್ತದೆ. ಸಹಾಯಕ ಕ್ರಿಯೆಗಳ ವಿಷಯವೂ ಅಷ್ಟೇ. 'ಮರ ಒಣಗಿತು' ಎಂಬುದು ವರದಿ; 'ಮರ ಒಣಗಿಹೋಯ್ತು' ಎಂಬುದು ನಷ್ಟ; 'ಮರ ಒಣಗಿಸಿಬಿಟ್ರು' ಎಂಬುದು ದೂರು. ಮೂರರಲ್ಲೂ ಒಣಗಿದ್ದು ಒಂದೇ ಮರ.

ಸಂಬೋಧನೆಯ ಸ್ಥಾನ ಇನ್ನೂ ಸೂಕ್ಷ್ಮವಾದದ್ದು. 'ಮಗ, ಬಾ ಇಲ್ಲಿ' ಎಂದರೆ ಕರೆಯುವವರ ದನಿಯಲ್ಲಿ ಕೆಲಸವಿದೆ, ಕೆಲವೊಮ್ಮೆ ಗದರಿಕೆಯೂ ಇದೆ. 'ಬಾ ಮಗ', 'ಬಾರವ್ವ', 'ಕುಂತ್ಕಳಪ್ಪ' ಎಂದಾಗ ಸಂಬೋಧನೆ ಕ್ರಿಯಾಪದದ ಹಿಂದೆ ಸರಿದು ಅಕ್ಕರೆಯಾಗುತ್ತದೆ. ಕ್ರಿಯಾಪದ ಕೊನೆಗೆ ಬರುವುದು ಕನ್ನಡದ ಸಾಮಾನ್ಯ ಕ್ರಮವಾದ್ದರಿಂದ, ಅದನ್ನು ದಾಟಿ ಆಚೆ ನಿಂತ ಪದಕ್ಕೆ ವಿಶೇಷವಾದ ಭಾವಭಾರ ಒದಗುತ್ತದೆ. ಪದಕ್ರಮ ಸಡಿಲವಾಗಿರುವುದರಿಂದ ಯಾವ ಪದ ಎಲ್ಲಿದ್ದರೂ ಒಂದೇ ಎಂಬ ವ್ಯಾಕರಣಪಾಠದ ಮಾತು ಅನ್ವಯಕ್ಕೆ ನಿಜ, ಅನುಭವಕ್ಕೆ ನಿಜವಲ್ಲ.

ಈಗ 'ಇಂಗ್ಲಿಷ್ ಗೀತಗಳು' (1926) ಸಂಕಲನಕ್ಕೆ ಬರಬಹುದು. ಹಳಗನ್ನಡ ಚಂಪುವಿನ ಪರಂಪರೆಯಲ್ಲಿ ಒಂದು ವಾಕ್ಯ ಇಡೀ ವೃತ್ತವನ್ನು ತುಂಬಬಲ್ಲದಾಗಿತ್ತು. ಐದಕ್ಕೆ ಮೇಲ್ಪಟ್ಟ ಪದ್ಯಗಳು ಒಂದೇ ಅನ್ವಯದಲ್ಲಿ ಕೂಡಿ ಕುಳಕವಾಗುವುದೂ ಉಂಟು. ಅಂಥ ವಾಕ್ಯಕ್ಕೆ ಯುದ್ಧವನ್ನೂ ವರ್ಣನೆಯನ್ನೂ ಹೊರುವ ಶಕ್ತಿಯಿದೆ. ಒಬ್ಬನೇ ವ್ಯಕ್ತಿಯ ನಿಟ್ಟುಸಿರಿಗೆ ಅದು ದೊಡ್ಡದು. ಬಿ.ಎಂ.ಶ್ರೀ. ಅವರು ಹೊಸ ಛಂದೋರೂಪಗಳನ್ನು ತಂದರೆಂಬುದನ್ನು ಎಲ್ಲ ಚರಿತ್ರೆಕಾರರೂ ಹೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅವರ ಮುಂದಿದ್ದ ಮೊದಲ ತೊಡಕು ಛಂದಸ್ಸಿನದಲ್ಲ, ವಾಕ್ಯದ್ದು. ಇಂಗ್ಲಿಷಿನಲ್ಲಿ ಕ್ರಿಯಾಪದ ಮುಂದೆ ನಡೆಯುತ್ತದೆ, ವಿಶೇಷಣವಾಕ್ಯ ನಾಮಪದದ ಹಿಂದೆ ಬರುತ್ತದೆ; ಕನ್ನಡದಲ್ಲಿ ಎರಡೂ ತಿರುಗುಮುರುಗು. ಮೂಲದ ಭಾವ ಅನಾವರಣಗೊಳ್ಳುವ ಕ್ರಮವನ್ನು ಉಳಿಸಿಕೊಳ್ಳಹೋದರೆ ಕನ್ನಡ ಕುಂಟುತ್ತದೆ, ಕನ್ನಡದ ಕ್ರಮವನ್ನು ಹಿಡಿದರೆ ಮೂಲದ ಮೊದಲ ಮಾತು ಕೊನೆಗೆ ಬೀಳುತ್ತದೆ.

ನ್ಯೂಮನ್ 1833ರಲ್ಲಿ ಸಮುದ್ರಯಾನದ ನಡುವೆ ಬರೆದ ಪ್ರಾರ್ಥನಾಗೀತೆಯ ಅನುವಾದ ಇದಕ್ಕೆ ಒಳ್ಳೆಯ ನಿದರ್ಶನ. ಮೂಲ ಆರಂಭವಾಗುವುದು 'ನಡೆಸು' ಎಂಬ ಅರ್ಥದ ವಿಧಿಕ್ರಿಯೆಯಿಂದ. ಅದೇ ಕ್ರಿಯೆ ಕೂಡಲೇ ಮತ್ತೆ ಬರುತ್ತದೆ. ಕನ್ನಡದಲ್ಲಿ ಬೆಳಕಿನ ಗುಣ ಮೊದಲು, ಕರೆಯುವ ಕ್ರಿಯೆ ನಡುವೆ, ಬೆಳಕು ಸಂಬೋಧನೆಯಾಗಿ ಆಮೇಲೆ. ಮೂಲದಲ್ಲಿ ಬರುವಂತೆ ಕರೆಯುವ ಕ್ರಿಯೆಯೇ ಇಲ್ಲ, ಅದು ಬಿ.ಎಂ.ಶ್ರೀ. ಸೇರಿಸಿದ್ದು. ಈ ಪದಕ್ರಮ ಛಂದಸ್ಸಿನ ಒತ್ತಾಯದಿಂದ ಬಂದದ್ದೆಂದು ವಾದಿಸುವಂತಿಲ್ಲ. ಕ್ರಿಯಾಪದವನ್ನೂ ಸಂಬೋಧನೆಯನ್ನೂ ಅದಲುಬದಲು ಮಾಡಿ ನೋಡಿ: ಆ ಗಣದ ಐದು ಮಾತ್ರೆ ಐದಾಗಿಯೇ ಉಳಿಯುತ್ತದೆ. ಉಳಿಯದಿರುವುದು ಅಕ್ಕರೆ. ತಾಯಂದಿರು ಮಗುವನ್ನು ಕರೆಯುವ ಕ್ರಮದಲ್ಲಿ ಇಲ್ಲಿ ಬೆಳಕನ್ನು ಕರೆಯಲಾಗಿದೆ.

ಮುಂದಿನ ಹೆಜ್ಜೆ ಇನ್ನೂ ಗಮನಾರ್ಹ. ಮೂಲದ ಒಂಟಿ ಆಜ್ಞೆಯ ಮುಂದೆ ಅನುವಾದಕರು ಕೈಹಿಡಿಯುವ ಒಂದು ನ್ಯೂನಕ್ರಿಯೆಯನ್ನು ಇಟ್ಟಿದ್ದಾರೆ. ಇಂಗ್ಲಿಷಿನಲ್ಲಿ ದಾರಿ ತೋರುವ ಬೆಳಕು ದೂರದಲ್ಲಿರಬಹುದು. ಕನ್ನಡದಲ್ಲಿ ಅದು ಬಂದು, ಕೈಗೆ ಸಿಕ್ಕಿ, ಆಮೇಲೆ ನಡೆಸಬೇಕು. ಕೊಬ್ಬರಿಯ ವಾಕ್ಯದಲ್ಲಿ ಕಂಡ ನ್ಯೂನಕ್ರಿಯೆಯೇ ಇಲ್ಲಿ ದೇಹದ ಸಾಮೀಪ್ಯವನ್ನು ತಂದಿದೆ. ಕೊನೆಗೆ, ಸಾಮಾನ್ಯವಾಗಿ ಕ್ರಿಯಾಪದಕ್ಕಿಂತ ಮುಂಚೆ ಬರಬೇಕಾದ ಉತ್ತಮಪುರುಷದ ದ್ವಿತೀಯಾ ರೂಪ ಕ್ರಿಯೆಯ ಆಚೆ ನಿಂತಿದೆ. ಒಂದು ಕ್ರಿಯೆಯ ಹಿಂದೆ ಬೆಳಕು, ಇನ್ನೊಂದರ ಹಿಂದೆ ಪ್ರಾರ್ಥಿಸುವವನು. ಇಬ್ಬರೂ ವಾಕ್ಯದ ಒಂದೇ ಜಾಗದಲ್ಲಿ ನಿಲ್ಲುವುದರಿಂದ ಹುಟ್ಟುವ ಆಪ್ತತೆಯನ್ನು ಯಾವ ಅಲಂಕಾರದ ಹೆಸರಿನಿಂದಲೂ ವಿವರಿಸಲಾಗದು.

ಇದನ್ನು ಸಂಪಿಗೆಯ ಮಣ್ಣಿನ ಗುಣವೆಂದು ಹೇಳುವುದು ಅತಿಯಾದೀತು. 'ಬಾ ಮಗ' ಎನ್ನುವವರು ಕರ್ನಾಟಕದ ತುಂಬ ಇದ್ದಾರೆ, ಬಿ.ಎಂ.ಶ್ರೀ. ಅವರ ಮನೆತನದ ಊರು ಬೆಳ್ಳೂರು, ಅವರ ಬಾಳು ಸಾಗಿದ್ದು ಬಹುಮಟ್ಟಿಗೆ ಮೈಸೂರು-ಬೆಂಗಳೂರುಗಳಲ್ಲಿ. ಇಲ್ಲಿ ಹೇಳಬಹುದಾದದ್ದು ಇಷ್ಟೇ: ಇಂಗ್ಲಿಷ್ ಭಾವಗೀತೆಯನ್ನು ತರುವಾಗ ಅವರು ನೆಚ್ಚಿದ್ದು ಇಂಗ್ಲಿಷಿನ ವಾಕ್ಯವನ್ನಲ್ಲ, ಪಂಡಿತರ ವಾಕ್ಯವನ್ನೂ ಅಲ್ಲ. 'ಅಶ್ವತ್ಥಾಮನ್' (1929) ನಾಟಕದಲ್ಲಿ ಅವರೇ ಹಳಗನ್ನಡಕ್ಕೆ ಮರಳಿದ್ದನ್ನು ನೆನೆದರೆ, ಗೀತಗಳ ವಾಕ್ಯ ಅರಿವಿಲ್ಲದೆ ಬಂದ ಸರಳತೆಯಲ್ಲವೆಂದು ತಿಳಿಯುತ್ತದೆ.

ಇಂಥ ಓದಿಗೆ ಬೇಕಾದ ವ್ಯಾಕರಣ ನಮ್ಮಲ್ಲಿದೆಯೆ? ಡಿ.ಎನ್.ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' (2000) ಕೃತಿಯಲ್ಲಿ, ಸಂಸ್ಕೃತದ ಅಚ್ಚಿನಲ್ಲಿ ಎರಕಹೊಯ್ದ ವ್ಯಾಕರಣಗಳು ಕನ್ನಡದ ಸ್ವರೂಪವನ್ನು ಕಾಣಿಸಲಾರವೆಂದು ವಾದಿಸಿದರು. ಆ ಚರ್ಚೆ ಬಹುಪಾಲು ಲಿಪಿ, ಮಹಾಪ್ರಾಣಗಳ ಜಗಳದಲ್ಲಿ ಸವೆದುಹೋದದ್ದು ದುರ್ದೈವ. ಸಾಹಿತ್ಯದ ವಿದ್ಯಾರ್ಥಿಗೆ ಅದರಿಂದ ದೊರೆಯಬಹುದಾಗಿದ್ದ ದೊಡ್ಡ ಲಾಭವೆಂದರೆ ವಾಕ್ಯವನ್ನು ಕಾಣುವ ಕಣ್ಣು.

ಬಿಳಿಗೆರೆಯ ಹೆಸರನ್ನೇ ತಮ್ಮ ಹೆಸರಿನೊಡನೆ ಇಟ್ಟುಕೊಂಡ ಕೃಷ್ಣಮೂರ್ತಿ ಬಿಳಿಗೆರೆಯವರ 'ಛೂಮಂತ್ರಯ್ಯನ ಕಥೆಗಳು' 2024ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಬಾಲಸಾಹಿತ್ಯ ಪುರಸ್ಕಾರವನ್ನು ಪಡೆಯಿತು. ಮಕ್ಕಳ ಕಥೆ ಬರೆಯುವ ಎಲ್ಲರ ಮುಂದೆಯೂ ಈ ಪ್ರಶ್ನೆ ಇನ್ನೊಂದು ರೂಪದಲ್ಲಿ ನಿಲ್ಲುತ್ತದೆ. ಅಜ್ಜಿಯ ಕಥೆಯಲ್ಲಿ ರಾಜ 'ಇದ್ದನಂತೆ'. ಆ 'ಅಂತೆ' ನಿಜಕ್ಕೂ ಸುಳ್ಳಿಗೂ ನಡುವಣ ಒಂದು ಜಗಲಿ. ಹೇಳುವವರೂ ಕೇಳುವವರೂ ಅಲ್ಲಿ ಒಟ್ಟಿಗೆ ಕೂರುತ್ತಾರೆ. ಅದನ್ನು 'ಇದ್ದನು' ಎಂದು ತಿದ್ದಿದರೆ ಕಥೆ ಚರಿತ್ರೆಯಾಗುತ್ತದೆ, 'ಇದ್ದನೆಂದು ಹೇಳಲಾಗುತ್ತದೆ' ಎಂದು ತಿದ್ದಿದರೆ ಕಡತವಾಗುತ್ತದೆ. ಈ ಎರಡು ತಿದ್ದುಪಡಿಗಳನ್ನೂ ವ್ಯಾಕರಣ ಒಪ್ಪುತ್ತದೆ. ಮಗು ಮಾತ್ರ 'ಆಮೇಲೆ?' ಎಂದು ಕೇಳುವುದನ್ನು ನಿಲ್ಲಿಸುತ್ತದೆ.